ತುಕ್ಕು ತಿಂದ ತಗಡು ತೆಗೆದು ಫೈಬರ್ ಕೂರಿಸಿದ್ದು

ಹಳೇ ಜೀಪು ಇಟ್ಕೊಂಡೋರಿಗೆಲ್ಲ ಗೊತ್ತಿರೋ ವಿಷಯ ಇದು, ಇಂಜಿನ್ ಕೆಟ್ರೆ ಬಿಚ್ಚಿ ಕಟ್ಬಹುದು, ಗೇರ್‌ಬಾಕ್ಸ್ ಹೋದ್ರೆ ಬೇರೆ ಹಾಕ್ಬಹುದು, ಬಾಡಿಗೆ ತುಕ್ಕು ಹತ್ತಿದ್ರೆ ಮಾತ್ರ ಅದರ ಹಿಂದೆ ಓಡಿ ಓಡಿ ಸಾಕಾಗುತ್ತೆ. ನನ್ನ ಗಾಡೀಲಿ ಮುಂದಿನ ಎರಡು ಮಡ್‌ಗಾರ್ಡು ಮತ್ತೆ ಹಿಂದಿನ ಚಕ್ರದ ಮೇಲಿನ ಸೈಡ್ ತಗಡು, ಇವಕ್ಕೆ ಹಾಕ್ಸಿದ ತೇಪೆಗೆ ಲೆಕ್ಕನೇ ಇಲ್ಲ. ತೇಪೆ ಹಾಕೋದು, ಪುಟ್ಟಿ ಮೆತ್ತೋದು, ಪೇಂಟ್ ಹೊಡ್ಯೋದು, ಮಳೆಗಾಲ ಮುಗೀತಿದ್ದ ಹಾಗೆ ಅದೇ ತೇಪೆಯ ಅಂಚಲ್ಲಿ ಪೇಂಟ್ ಗುಳ್ಳೆ ಏಳೋದು. ಇದಕ್ಕೆ ಕಾರಣ ಇದೆ. ವೆಲ್ಡಿಂಗ್ ಮಾಡಿದಾಗ ಬೆಂಕಿ ತಾಗಿದ ಜಾಗದ ಹಿಂಭಾಗದಲ್ಲಿದ್ದ ಪೇಂಟೆಲ್ಲ ಸುಟ್ಟು ಹೋಗುತ್ತೆ, ಆ ಹಿಂಭಾಗಕ್ಕೆ ನಮ್ಮ ಕೈ ಹೋಗಲ್ಲ ಬ್ರಷ್ಷೂ ಹೋಗಲ್ಲ, ಹಾಗಾಗಿ ಅಲ್ಲಿ ಬೆತ್ತಲೆ ಕಬ್ಬಿಣ ನೀರು ಕುಡ್ಕೊಂಡು ಕೂತಿರುತ್ತೆ. ಜೊತೆಗೆ ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ತಗೊಳ್ಳುತ್ತೆ, ಅಂದ್ರೆ ಎರಡು ತಗಡು ಒಂದರ ಮೇಲೊಂದು ಕೂತಿರೋ ಕಡೆ ಒಳಗೆ ತುಕ್ಕು ಶುರುವಾದ್ರೆ ಅದೇ ಊದ್ಕೊಂಡು ಸಂದನ್ನ ಅಗಲ ಮಾಡುತ್ತೆ, ಅಗಲ ಆದ ಸಂದಿಗೆ ಇನ್ನೂ ಕೆಸರು ಇನ್ನೂ ನೀರು.

ಕೊನೇ ಸಲ ಟಿಂಕರ್ ಹತ್ರ ಹೋದಾಗ ಅವರು ಸ್ಕ್ರೂಡ್ರೈವರ್ ತಗೊಂಡು ಮಡ್‌ಗಾರ್ಡಿಗೆ ಹಗುರಾಗಿ ಚುಚ್ಚಿದ್ರು, ಸೀದಾ ಒಳಗೆ ಹೋಯ್ತು. ಆಮೇಲೆ ಒಂದು ಮ್ಯಾಗ್ನೆಟ್ ಇಟ್ಟು ತೋರಿಸಿದ್ರು, ಅರ್ಧ ಮಡ್‌ಗಾರ್ಡಿಗೆ ಅದು ಅಂಟ್ಲೇ ಇಲ್ಲ. "ತಗಡು ಇದ್ರೆ ತಾನೇ ಸಾರ್ ವೆಲ್ಡಿಂಗ್ ಹಿಡಿಯೋದು, ಇಲ್ಲಿರೋದೆಲ್ಲ ಪುಟ್ಟಿನೇ" ಅಂದ್ರು. ಗೆದ್ದಲು ತಿಂದ ಬಾಗಿಲಿನ ಹಾಗೆ ಹೊರಗೆ ಬಣ್ಣ ಒಂದೇ ಉಳಿದಿತ್ತು. ಹೊಸ ತಗಡಿನ ಮಡ್‌ಗಾರ್ಡ್ ಈ ಮಾಡೆಲ್‌ಗೆ ಸಿಗೋದು ನಿಂತು ಕಾಲ ಆಯ್ತು, ಸಿಕ್ಕ ಹಳೇವೂ ಇದೇ ಸ್ಥಿತಿಯವು. ಹಾಗೆ ಫೈಬರ್ ಕಡೆ ತಿರುಗಿದ್ದು. ಫೈಬರ್ ಅಂದ್ರೆ ಫೈಬರ್‌ಗ್ಲಾಸ್, ಗಾಜಿನ ಎಳೆಗೆ ರೆಸಿನ್ ಅನ್ನೋ ಅಂಟು ದ್ರವ ಹೀರಿಸಿ ಗಟ್ಟಿ ಮಾಡಿದ್ದು.

ಫೈಬರ್ ಬಾಡಿ ಅಂದ ತಕ್ಷಣ ಕೆಲವರು ಅದೇನೋ ಪ್ಲಾಸ್ಟಿಕ್ ಆಟದ ಸಾಮಾನು ಅನ್ನೋ ಥರ ಮುಖ ಮಾಡ್ತಾರೆ. 1953ರಲ್ಲಿ ಬಂದ ಮೊದಲ ಷೆವರ್ಲೆ ಕಾರ್ವೆಟ್ ಕಾರಿನ ಬಾಡಿ ಪೂರ್ತಿ ಫೈಬರ್‌ಗ್ಲಾಸ್, ಆ ವರ್ಷ ಕೈಯಲ್ಲಿ ಜೋಡಿಸಿ ತಯಾರು ಮಾಡಿದ್ದು 300 ಗಾಡಿ. ಆದ್ರೆ ಅದರ ಕೆಳಗೆ ಉಕ್ಕಿನ ಚಾಸಿಸ್ ಇತ್ತು ಅನ್ನೋದನ್ನ ಮರೀಬಾರದು, ಬಾಡಿ ಬರೀ ಹೊದಿಕೆ. ಲೋಟಸ್ ಕಂಪನಿ 1957ರಲ್ಲಿ ತೋರಿಸಿದ ಎಲೀಟ್ ಅನ್ನೋ ಕಾರಲ್ಲಿ ಚಾಸಿಸ್ಸೇ ಇಲ್ಲದ ಹಾಗೆ ಬಾಡಿಯನ್ನೇ ಫೈಬರಲ್ಲಿ ಕಟ್ಟಿದ್ರು, ಅದು ಬೇರೆ ಮಟ್ಟದ ಇಂಜಿನಿಯರಿಂಗ್, ಶೆಡ್ಡಲ್ಲಿ ಕೂತು ನಾವು ಮಾಡೋ ಕೆಲಸ ಅಲ್ಲ.

ಅದಕ್ಕೇ ಮೊದಲು ಕೂತು ಯೋಚನೆ ಮಾಡಿದ್ದು ಯಾವುದನ್ನ ಫೈಬರ್ ಮಾಡ್ಬಾರದು ಅಂತ. ಜೀಪಿನಂಥ ಗಾಡೀಲಿ ಚಾಸಿಸ್ ಬೇರೆ ಬಾಡಿ ಬೇರೆ, ಹಾಗಾಗಿ ಮಡ್‌ಗಾರ್ಡು ಬಾನೆಟ್ಟು ಸೈಡ್ ತಗಡು ಇವೆಲ್ಲ ಹೊದಿಕೆ ಮಾತ್ರ, ಬದಲಾಯಿಸಿದ್ರೆ ತೊಂದರೆ ಇಲ್ಲ. ಈಗಿನ ಕಾರುಗಳ ಹಾಗೆ ಬಾಡಿನೇ ಚಾಸಿಸ್ ಆಗಿರೋ ಗಾಡೀಲಿ ಬೋಲ್ಟ್ ಬಿಚ್ಚಿದ್ರೆ ಬರೋ ಮಡ್‌ಗಾರ್ಡ್ ಬಾನೆಟ್ ಡಿಕ್ಕಿ ಬಾಗಿಲು ಬಂಪರ್ ಇಷ್ಟಕ್ಕೆ ಸೀಮಿತ, ವೆಲ್ಡ್ ಮಾಡಿ ಸೇರಿಸಿರೋ ಬಾಗಿಲ ಕೆಳಗಿನ ಪಟ್ಟಿ, ಕಂಬಗಳು, ಹಿಂದಿನ ಸೈಡು ಇವೆಲ್ಲ ಗುದ್ದಿದಾಗ ಪೆಟ್ಟು ತಡ್ಕೊಳ್ಳೋ ಭಾಗಗಳು, ಅಲ್ಲಿ ತಗಡು ಕತ್ತರಿಸಿ ಫೈಬರ್ ಮೆತ್ತಿದ್ರೆ ನೋಡೋಕೆ ಚೆನ್ನಾಗಿರುತ್ತೆ ಅಷ್ಟೆ. ಸೀಟ್ ಬೆಲ್ಟ್ ಹಿಡಿಯೋ ಜಾಗ, ಸೀಟಿನ ಬೋಲ್ಟ್ ಕೂರೋ ಜಾಗ, ಬಾಗಿಲ ಕೀಲಿನ ಜಾಗ ಇವನ್ನ ಯಾವ ಗಾಡೀಲೂ ಫೈಬರಿಗೆ ನಂಬಿ ಬಿಡಬಾರದು. ನನ್ನ ಗಾಡೀಲಿ ನೆಲದ ತಗಡನ್ನೂ ಉಕ್ಕಲ್ಲೇ ಮಾಡ್ಸಿದೆ, ಫೈಬರ್ ನೆಲ ಹಾಕೋರೂ ಇದಾರೆ, ನನಗೆ ಧೈರ್ಯ ಸಾಲಲಿಲ್ಲ.

ಮುಂದಿನ ಮಡ್‌ಗಾರ್ಡು ರೆಡಿಮೇಡ್ ಸಿಕ್ತು. ಕೊಳ್ಳೋವಾಗ ನಾನು ನೋಡಿದ್ದು ಹೊರಗಿನ ಹೊಳಪನ್ನಲ್ಲ, ತಿರುಗಿಸಿ ಹಿಂಭಾಗ ನೋಡಿದೆ. ಎಲ್ಲಾದ್ರೂ ಎಳೆ ಬಿಳಿಬಿಳಿಯಾಗಿ ಒಣಗಿದ್ರೆ ಅಲ್ಲಿ ರೆಸಿನ್ ಸರಿಯಾಗಿ ಹೀರಿಲ್ಲ ಅಂತ, ಅಲ್ಲೇ ನಾಳೆ ಬಿಟ್ಕೊಳ್ಳೋದು. ಬಿಸಿಲಿಗೆ ಹಿಡಿದ್ರೆ ತೆಳು ಜಾಗ, ಗಾಳಿ ಗುಳ್ಳೆ ಎಲ್ಲ ಬೆಳಕಲ್ಲಿ ಕಾಣುತ್ತೆ, ಆದ್ರೆ ಹೊರಮೈಯ ಬಣ್ಣದ ರೆಸಿನ್ ಪದರ, ಅಂದ್ರೆ ಜೆಲ್‌ಕೋಟ್, ಗಾಢವಾಗಿದ್ರೆ ಕಾಣಲ್ಲ, ಆಗ ನಾಣ್ಯ ತಗೊಂಡು ಉದ್ದಕ್ಕೂ ತಟ್ಟಬೇಕು, ಗಟ್ಟಿ ಇರೋ ಕಡೆ ಟಣ್ ಅನ್ನುತ್ತೆ, ಪದರ ಬಿಟ್ಟಿರೋ ಕಡೆ ಸತ್ತ ಸದ್ದು. ಮೂಲೆಗಳಲ್ಲಿ ಹುಷಾರು, ಚೂಪು ಮೂಲೆಗೆ ಮ್ಯಾಟ್, ಅಂದ್ರೆ ಗಾಜಿನ ಎಳೆಯ ಹಾಸು, ಬಗ್ಗಲ್ಲ, ಜೆಲ್‌ಕೋಟ್ ಹಿಂದೆ ಖಾಲಿ ಉಳಿದಿರುತ್ತೆ, ಹೆಬ್ಬೆರಳಲ್ಲಿ ಒತ್ತಿದ್ರೆ ಚಿಪ್ಪಿನ ಥರ ಒಡೆಯುತ್ತೆ. ಒಂದು ಕಡೆ ತೋರಿಸಿದ ಜೊತೆ ಹಾಗೇ ಇತ್ತು, ವಾಪಸ್ ಇಟ್ಟು ಬಂದೆ. ಇನ್ನೊಂದು ವಿಷಯ, ಎಷ್ಟು ಒಳ್ಳೆ ಅಚ್ಚಿಂದ ಬಂದಿದ್ರೂ ಅದು ಮೂಲ ತಗಡಿನ ಅಳತೆಗೆ ಕರೆಕ್ಟಾಗಿ ಇರುತ್ತೆ ಅನ್ಕೋಬೇಡಿ. ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗೋವಾಗ ಗಾತ್ರದಲ್ಲಿ ನೂರಕ್ಕೆ 5ರಿಂದ 8 ಭಾಗ ಕುಗ್ಗುತ್ತೆ, ಗಾಜಿನ ಎಳೆ ಅದನ್ನ ತಡೆದು ಹಿಡ್ಯೋದ್ರಿಂದ ಪ್ಯಾನೆಲ್ ಉದ್ದಕ್ಕೆ ಅಷ್ಟು ಕುಗ್ಗಲ್ಲ, ಆದ್ರೂ ಚೂರು ತಿರುಚ್ಕೊಳ್ಳುತ್ತೆ, ಅಚ್ಚಿಂದ ಬೇಗ ಕಿತ್ತಿದ್ರಂತೂ ಇನ್ನೂ ಜಾಸ್ತಿ.

ಹಿಂದಿನ ಸೈಡ್ ತಗಡು ಎಲ್ಲೂ ಸಿಗಲಿಲ್ಲ, ಅದನ್ನ ನಾವೇ ಮಾಡ್ಬೇಕಾಯ್ತು. ದೋಣಿಗೆ ಫೈಬರ್ ಹೊಡ್ಯೋ ಸ್ನೇಹಿತ ಒಬ್ಬ ಇದಾನೆ, ಅವನು ಹೇಳ್ಕೊಟ್ಟ. ಎಡಗಡೆಯ ಅಚ್ಚಲ್ಲಿ ಬಲಗಡೆದು ಬರಲ್ಲ, ಎರಡಕ್ಕೂ ಬೇರೆ ಬೇರೆ ಅಚ್ಚು ಬೇಕು. ತೂತು ಬಿದ್ದ ಹಳೇ ತಗಡನ್ನೇ ಅಚ್ಚಿಗೆ ಮಾದರಿಯಾಗಿ ಬಳಸಿದ್ವಿ. ತೂತುಗಳ ಹಿಂದೆ ಟೇಪು ಅಂಟ್ಸಿ ಪುಟ್ಟಿ ತುಂಬಿ, ಮೂಲ ಆಕಾರ ಬರೋವರೆಗೂ ಉಜ್ಜಿ ಪ್ರೈಮರ್ ಹೊಡ್ದು ನೀರು ಪೇಪರಲ್ಲಿ ನುಣುಪು ಮಾಡಿ. ಇಲ್ಲಿ ಉಳಿದ ಒಂದು ಗೀರೂ ಅಚ್ಚಿಗೆ ಹೋಗುತ್ತೆ, ಅಚ್ಚಿಂದ ಪ್ಯಾನೆಲ್ಲಿಗೆ ಬರುತ್ತೆ, ಅದಕ್ಕೆ ಈ ಉಜ್ಜಾಟದಲ್ಲಿ ಬೇಜಾರು ಮಾಡ್ಕೊಳ್ಳೋ ಹಾಗಿಲ್ಲ. ಆಮೇಲೆ ವ್ಯಾಕ್ಸ್, ಒಂದು ಕೋಟ್ ಹಚ್ಚಿ ಒಣಗಿಸಿ ಒರೆಸಿ ಮತ್ತೆ ಹಚ್ಚಿ ಹೀಗೆ ಹಲವು ಕೋಟ್, ಅದರ ಮೇಲೆ ಪಿವಿಎ ಅನ್ನೋ ದ್ರವ, ಒಣಗಿದ್ರೆ ತೆಳು ಪೊರೆ ಆಗುತ್ತೆ, ನೀರಲ್ಲಿ ಕರಗುತ್ತೆ. ಈ ಎರಡೂ ಸರಿಯಾಗಿ ಆಗಿಲ್ಲ ಅಂದ್ರೆ ಅಚ್ಚು ಮತ್ತೆ ಮಾದರಿ ಎರಡೂ ಒಂದೇ ಆಗಿಬಿಡುತ್ತೆ, ಸುತ್ತಿಗೆ ತಗೊಂಡ್ರೂ ಬಿಡಲ್ಲ.

ರೆಸಿನ್ ಕಲಸೋ ವಿಷಯ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಅಪಾಯ ಇರೋದು ಇಲ್ಲೇ. ಪಾಲಿಯೆಸ್ಟರ್ ರೆಸಿನ್ ಜೊತೆ ಎರಡು ಬಾಟ್ಲಿ ಬರಬಹುದು, ಗಟ್ಟಿಯಾಗೋದನ್ನ ಚುರುಕು ಮಾಡೋ ನೇರಳೆ ಬಣ್ಣದ ಕೋಬಾಲ್ಟ್ ಒಂದು, ರೆಸಿನ್ನನ್ನ ಗಟ್ಟಿ ಮಾಡೋ ನೀರಿನ ಹಾಗಿರೋ ಹಾರ್ಡನರ್ ಇನ್ನೊಂದು, ಅದನ್ನೇ ಎಂಇಕೆಪಿ ಅಂತಾರೆ. ಈ ಎರಡನ್ನ ಯಾವತ್ತೂ ನೇರವಾಗಿ ಒಂದಕ್ಕೊಂದು ಸೇರಿಸಬಾರದು, ಸಿಡಿಯುತ್ತೆ. ಮೊದಲು ಕೋಬಾಲ್ಟನ್ನ ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಕೆಲಸಕ್ಕೆ ಬೇಕಾದಷ್ಟೇ ಬೇರೆ ಡಬ್ಬಕ್ಕೆ ತಗೊಂಡು ಅದಕ್ಕೆ ಹಾರ್ಡನರ್. ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ನೂ ಸಿಗುತ್ತೆ, ಹೊಸಬರಿಗೆ ಅದೇ ಒಳ್ಳೇದು. ಹಾರ್ಡನರ್ ನೂರಕ್ಕೆ 1ರಿಂದ 2 ಭಾಗ, ಸೆಖೆ ಇದ್ರೆ ಕಮ್ಮಿ, ತಂಪಿದ್ರೆ ಜಾಸ್ತಿ, 15 ಡಿಗ್ರಿಗಿಂತ ಕೆಳಗೆ ಹೋದ್ರೆ ಸರಿಯಾಗಿ ಗಟ್ಟಿ ಆಗೋದೇ ಇಲ್ಲ. ಬೇಗ ಆಗ್ಲಿ ಅಂತ ಜಾಸ್ತಿ ಹಾರ್ಡನರ್ ಸುರಿಯೋದು ಬೇಡ, ಪ್ಯಾನೆಲ್ ಸೆಟೆದು ಬಿರುಕು ಬಿಡುತ್ತೆ. ಈ ಹಾರ್ಡನರ್ ಒಂದು ಹನಿ ಕಣ್ಣಿಗೆ ಹಾರಿದ್ರೆ ಕಣ್ಣೇ ಹೋಗಬಹುದು, ಕನ್ನಡಕ ಅಂದ್ರೆ ಸುತ್ತ ಮುಚ್ಚಿರೋ ಕನ್ನಡಕ, ಓದೋ ಕನ್ನಡಕ ಅಲ್ಲ. ರೆಸಿನ್ನಿಂದ ಬರೋ ಸ್ಟೈರೀನ್ ವಾಸನೆಗೆ ಬಟ್ಟೆ ಮಾಸ್ಕ್ ಏನೂ ಮಾಡಲ್ಲ, ಧೂಳಿನ ಮಾಸ್ಕೂ ಮಾಡಲ್ಲ, ಆವಿ ಹೀರೋ ಕಾರ್ಟ್ರಿಜ್ ಇರೋದೇ ಬೇಕು. ಕಿಡಿ ತಾಗಿದ್ರೆ ಸ್ಟೈರೀನ್ ಆವಿ ಬೆಂಕಿ ಹಿಡಿಯೋದಕ್ಕೆ ಸುಮಾರು 31 ಡಿಗ್ರಿ ಸಾಕು, ಅಂದ್ರೆ ಸೆಖೆ ದಿನದಲ್ಲಿ ಪಕ್ಕದಲ್ಲಿ ಯಾರೂ ಬೀಡಿ ಸೇದೋದಾಗ್ಲಿ ಗ್ರೈಂಡರ್ ಓಡ್ಸೋದಾಗ್ಲಿ ಮಾಡ್ಬಾರದು. ಉಳಿದ ರೆಸಿನ್ನನ್ನ ಡಬ್ಬದಲ್ಲೇ ಬಿಟ್ಟು ಹೋದ್ರೆ ಅದು ತನ್ನಷ್ಟಕ್ಕೆ ಬಿಸಿಯಾಗಿ ಹೊಗೆ ಬರೋಕೆ ಶುರುವಾಗುತ್ತೆ, ಅಗಲ ತಟ್ಟೇಲಿ ತೆಳ್ಳಗೆ ಸುರಿದು ಹೊರಗಿಡೋದು ರೂಢಿ ಮಾಡ್ಕೊಂಡ್ವಿ.

ಹಚ್ಚೋ ಕೆಲಸ ಹೇಳೋಕೆ ಸುಲಭ. ಮಾದರಿ ಮೇಲೆ ಅಚ್ಚು ಮಾಡೋಕೂ, ಆ ಅಚ್ಚಲ್ಲಿ ಪ್ಯಾನೆಲ್ ಮಾಡೋಕೂ ಇದೇ ಕ್ರಮ. ಜೆಲ್‌ಕೋಟ್ ಬಳಿದು ಬೆರಳಿಗೆ ಅಂಟಿನ ಹಾಗೆ ತಾಗಬೇಕು ಆದ್ರೆ ಬೆರಳಿಗೆ ಬರಬಾರದು ಅನ್ನೋ ಹದಕ್ಕೆ ಬಂದಾಗ ಮೊದಲ ಮ್ಯಾಟ್. ನಾವು ಬಳಸಿದ್ದು ಚದರ ಮೀಟರಿಗೆ 450 ಗ್ರಾಂ ತೂಕದ ಮ್ಯಾಟು, ಒಂದು ಪದರ ಹೆಚ್ಚೂಕಮ್ಮಿ 1 ಎಂಎಂ ದಪ್ಪ ಬರುತ್ತೆ, ಮೂರು ಪದರಕ್ಕೆ 3 ಎಂಎಂ. ಮ್ಯಾಟಿನ ತೂಕದ ಎರಡು ಎರಡೂವರೆ ಪಟ್ಟು ರೆಸಿನ್ ಹೀರುತ್ತೆ. ಅದಕ್ಕಿಂತ ಜಾಸ್ತಿ ಸುರಿದ್ರೆ ಗಟ್ಟಿ ಆಗುತ್ತೆ ಅನ್ಕೊಳ್ಳೋದು ಉಲ್ಟಾ ಲೆಕ್ಕ, ಗಟ್ಟಿತನ ಇರೋದು ಗಾಜಿನ ಎಳೇಲಿ, ಬರೀ ರೆಸಿನ್ ಒಡೆಯೋ ಸಾಮಾನು. ಬ್ರಷ್ಷಲ್ಲಿ ಎಳೀಬಾರದು, ಕುಟ್ಟಬೇಕು, ಆಮೇಲೆ ಹಲ್ಲಿರೋ ಕಬ್ಬಿಣದ ರೋಲರ್ ಓಡ್ಸಿ ಗುಳ್ಳೆ ಹೊರಗೆ ತಳ್ಳಬೇಕು. ಮ್ಯಾಟನ್ನ ಕತ್ತರಿಲಿ ಕತ್ತರಿಸೋದಕ್ಕಿಂತ ಕೈಯಲ್ಲಿ ಹರಿದ್ರೆ ಅಂಚು ತೆಳ್ಳಗಾಗಿ ಪದರ ಸೇರೋ ಕಡೆ ಏಣು ಕಾಣಲ್ಲ. ಅಚ್ಚನ್ನ ಮಾತ್ರ ಪ್ಯಾನೆಲ್ಲಿನ ಎರಡರಷ್ಟು ದಪ್ಪ ಮಾಡಿ ಹಿಂದೆ ಮರದ ಪಟ್ಟಿ ಕಟ್ಟಿ, ಗಡಿಬಿಡಿ ಮಾಡದೆ ದಿನಗಟ್ಟಲೆ ಹಾಗೇ ಬಿಟ್ವಿ. ಬಿಡಿಸೋವಾಗ ಅಂಚಲ್ಲಿ ಪ್ಲಾಸ್ಟಿಕ್ ಬೆಣೆ ಹಾಕಿ ಸಂದಿಗೆ ನೀರು ಬಿಟ್ರೆ ಆ ಪಿವಿಎ ಪೊರೆ ಕರಗಿ ಟಪ್ ಅಂತ ಬಿಟ್ಕೊಳ್ತು, ಆ ಶಬ್ದ ಕೇಳಿದಾಗಿನ ಖುಷಿ ಇಡೀ ಕೆಲಸದಲ್ಲಿ ಇನ್ನೆಲ್ಲೂ ಬರಲಿಲ್ಲ.

ಈಗ ಹಳೇದನ್ನ ಬಿಚ್ಚೋದು. ಬಿಚ್ಚೋಕೆ ಮುಂಚೆ ಅಳತೆ ತಗೊಳ್ಳಿ, ಬಾಗಿಲ ಸುತ್ತ ಎಷ್ಟು ಸಂದು ಇದೆ, ಬಾನೆಟ್ ಮತ್ತೆ ಮಡ್‌ಗಾರ್ಡ್ ಮಧ್ಯೆ ಎಷ್ಟು, ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ಎಷ್ಟು, ಎಲ್ಲ ಬರೆದು ಫೋಟೋ ತೆಗೆದು ಇಟ್ಕೊಂಡೆ. ಯಾಕಂದ್ರೆ ತುಕ್ಕು ಹಿಡಿದಿದ್ರೂ ಆ ಸೈಡ್ ತಗಡು ಬಾಡಿಯ ಆಕಾರ ಹಿಡಿದು ನಿಲ್ಲಿಸಿರುತ್ತೆ, ಕತ್ತರಿಸಿದ ತಕ್ಷಣ ಉಳಿದ ಚೌಕಟ್ಟು ಸಡಿಲ ಬಿಟ್ಟು ಆಚೀಚೆ ವಾಲುತ್ತೆ, ಆಮೇಲೆ ಬಾಗಿಲು ಕೂರಲ್ಲ. ಅದಕ್ಕೆ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪೈಪ್ ವೆಲ್ಡ್ ಮಾಡಿಸಿ ಆಮೇಲೆ ಕತ್ತರಿಸಿದ್ದು, ಬ್ಯಾಟರಿ ಬಿಚ್ಚಿಟ್ಟು. ಬೋಲ್ಟುಗಳ ಕಥೆ ಹೇಳೋದೇ ಬೇಡ, ಅರ್ಧ ತುಂಡಾಯ್ತು ಅರ್ಧ ಗ್ರೈಂಡರಿಗೆ ಹೋಯ್ತು. ಸ್ಪಾಟ್ ವೆಲ್ಡ್, ಅಂದ್ರೆ ಎರಡು ತಗಡನ್ನ ಚುಕ್ಕೆ ಚುಕ್ಕೆಯಾಗಿ ಬೆಸೆದಿರೋದು, ಇದ್ದ ಕಡೆ ಅದಕ್ಕಂತಲೇ ಇರೋ ಕಟರ್ ಹಾಕಿ ಮೇಲಿನ ತಗಡು ಮಾತ್ರ ಕೊರೆದ್ರೆ ಕೆಳಗಿನ ಪಟ್ಟಿ ಉಳಿಯುತ್ತೆ, ಆ ಪಟ್ಟಿ ಉಳಿಸ್ಕೊಳ್ಳೋದು ಮುಖ್ಯ, ಫೈಬರ್ ಅಂಟೋದು ಅದಕ್ಕೇ.

ಇಷ್ಟು ಹೊತ್ತು ಫೈಬರ್ ಫೈಬರ್ ಅಂತ ಬರೆದ್ನಲ್ಲ, ನಿಜ ಹೇಳ್ಬೇಕಂದ್ರೆ ಜಾಸ್ತಿ ಬೆವರು ಹರಿದಿದ್ದು ಉಳಿದ ಕಬ್ಬಿಣದ ಮೇಲೆ. ಫೈಬರಿಗೆ ತುಕ್ಕು ಹಿಡಿಯಲ್ಲ, ಸರಿ. ಅದು ಕೂರೋ ಪಟ್ಟಿಗೆ ಹಿಡಿಯುತ್ತೆ. ಮೊದಲಾದ್ರೆ ಪೇಂಟ್ ಗುಳ್ಳೆ ಎದ್ದು ತುಕ್ಕು ನಮಗೆ ಕಾಣೋದು, ಈಗ ಮೇಲೆ ಫೈಬರ್ ನುಣ್ಣಗೆ ಹೊಳೀತಾ ಇರುತ್ತೆ, ಒಳಗೆ ಪಟ್ಟಿ ತಿಂದು ಮುಗಿಸಿದ್ರೂ ಗೊತ್ತಾಗಲ್ಲ, ಒಂದಿನ ಪ್ಯಾನೆಲ್ ಕಿತ್ಕೊಂಡು ಬಂದಾಗಲೇ ಗೊತ್ತಾಗೋದು. ನನ್ನ ಕೇಳಿದ್ರೆ ಫೈಬರ್ ಹಾಕ್ಸೋರು ಮೊದಲು ಯೋಚನೆ ಮಾಡ್ಬೇಕಾದ್ದು ಇದನ್ನೇ, ಎಲ್ಲರೂ ಪ್ಯಾನೆಲ್ ಎಲ್ಲಿ ಸಿಗುತ್ತೆ ಅಂತ ಕೇಳ್ತಾರೆ, ಒಳಗಿನ ಪಟ್ಟಿಗೆ ಏನು ಮಾಡಿದ್ರಿ ಅಂತ ಒಬ್ಬರೂ ಕೇಳಲ್ಲ. ನಾನು ವೈರ್ ಬ್ರಷ್ ಹಾಕಿ ಸಡಿಲ ಇದ್ದಿದ್ದನ್ನೆಲ್ಲ ಉದುರಿಸಿ, ತೆಳುವಾದ ಕಡೆ ಕತ್ತರಿಸಿ ಹೊಸ ಪಟ್ಟಿ ವೆಲ್ಡ್ ಮಾಡಿಸಿ, ಗುಣಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರೋ ರಸ್ಟ್ ಕನ್ವರ್ಟರ್ ಬಳಿದೆ. ಅದು ಕೆಂಪು ತುಕ್ಕನ್ನ ಕಪ್ಪು ಪದರ ಮಾಡುತ್ತೆ, ಆದ್ರೆ ದಪ್ಪ ಹಕ್ಕಳೆ ತುಕ್ಕಿನ ಒಳಗೆ ಇಳಿಯಲ್ಲ, ಹಾಗಾಗಿ ಉಜ್ಜೋ ಕೆಲಸ ತಪ್ಪಲ್ಲ. ಆಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೋಟ್, ಪೆಟ್ಟಿಗೆ ಥರ ಮುಚ್ಚಿರೋ ಜಾಗಗಳ ಒಳಗೆ ಪೈಪ್ ತೂರಿಸಿ ಮೇಣ, ಅಂಟು ಬೀಳೋ ಜಾಗಕ್ಕೆ ಮಾತ್ರ ಮೇಣ ತಾಗದ ಹಾಗೆ. ನೀರು ಹೋಗೋ ತೂತುಗಳೆಲ್ಲ ಹಳೇ ಕೆಸರಿಂದ ಕಟ್ಟಿದ್ವು, ಮೊದಲ ತುಕ್ಕಿಗೂ ಅದೇ ಕಾರಣ, ಎಲ್ಲ ಬಿಡಿಸಿದೆ.

ಪ್ಯಾನೆಲ್ ಕೂರಿಸಿ ನೋಡೋದು, ತೆಗ್ಯೋದು, ಉಜ್ಜೋದು, ಮತ್ತೆ ಕೂರಿಸೋದು. ತಗಡಾದ್ರೆ ಸುತ್ತಿಗೆಲಿ ಎರಡು ಏಟು ಕೊಟ್ಟು ಜಾಗಕ್ಕೆ ತರಬಹುದು, ಇದಕ್ಕೆ ಹಾಗಾಗಲ್ಲ, ಬೋಲ್ಟ್ ಬಿಗಿ ಮಾಡಿ ಎಳ್ದು ಕೂರಿಸಿದ್ರೆ ಅವತ್ತು ಕೂರುತ್ತೆ, ತಿಂಗಳು ಕಳೆದ ಮೇಲೆ ಬೋಲ್ಟಿನ ಸುತ್ತ ನಕ್ಷತ್ರದ ಆಕಾರದಲ್ಲಿ ಬಿರುಕು. ಸುಮ್ಮನೆ ಇಟ್ಟಾಗಲೇ ಒತ್ತಡ ಇಲ್ಲದೆ ಕೂತ್ಕೋಬೇಕು, ಎಲ್ಲಿ ಸಂದು ಉಳಿಯುತ್ತೋ ಅಲ್ಲಿ ಹಿಂದೆ ರಬ್ಬರ್ ತುಂಡು ಕೊಡ್ಬೇಕು. ಉಜ್ಜೋವಾಗ ಬರೋ ಧೂಳು ಗಾಜಿನ ಪುಡಿ, ಮೈಯೆಲ್ಲ ನವೆ, ಅದೂ ಕೈಯಲ್ಲಿ ಕೆರ್ಕೊಂಡ್ರೆ ಇನ್ನೂ ಒಳಗೆ ಚುಚ್ಚುತ್ತೆ. ತುಂಬು ತೋಳಿನ ಅಂಗಿ ಹಾಕ್ಕೊಂಡು, ಕೆಲಸ ಆದ್ಮೇಲೆ ಉಜ್ಜದೆ ತಣ್ಣೀರಲ್ಲಿ ತೊಳ್ಕೊಂಡ್ರೆ ವಾಸಿ. ಆ ಬಟ್ಟೆ ಮಾತ್ರ ಮನೆಯವರ ಬಟ್ಟೆ ಜೊತೆ ಒಗ್ಯೋಕೆ ಹಾಕ್ಬೇಡಿ, ಆಮೇಲೆ ಮನೆಮಂದಿಯೆಲ್ಲ ಕೆರ್ಕೊಂಡು ನಿಮ್ಮನ್ನ ನೋಡ್ತಾರೆ.

ಬೋಲ್ಟ್ ತೂತನ್ನ ಬೋಲ್ಟಿಗಿಂತ ಒಂದೆರಡು ಎಂಎಂ ದೊಡ್ಡದಾಗಿ ಕೊರೆದು, ಎರಡೂ ಕಡೆ ಅಗಲ ವಾಷರ್, ಫೈಬರ್ ಕಡೆ ರಬ್ಬರ್ ವಾಷರ್. ಬೋಲ್ಟ್ ಬೀಳೋ ಜಾಗದಲ್ಲಿ ಹಿಂದಿನಿಂದ ಇನ್ನೆರಡು ಪದರ ಮ್ಯಾಟ್ ಸೇರಿಸಿ ದಪ್ಪ ಮಾಡಿದೆ. ದೊಡ್ಡ ತೂತು ಯಾಕೆ ಅಂದ್ರೆ ಬಿಸಿಲಿಗೆ ಫೈಬರ್ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತೆ. ಉಕ್ಕು ಒಂದು ಮೀಟರ್ ಉದ್ದಕ್ಕೆ 40 ಡಿಗ್ರಿ ಬಿಸಿ ಏರಿದ್ರೆ ಅರ್ಧ ಎಂಎಂ ಹತ್ರ ಹಿಗ್ಗುತ್ತೆ, ಮ್ಯಾಟ್ ಹಾಕಿದ ಫೈಬರ್ ಅಷ್ಟೇ ಬಿಸಿಗೆ 1 ಎಂಎಂ ಮೇಲೆ. ಬಿಸಿಲಲ್ಲಿ ನಿಂತ ಗಾಡಿಗೆ ದಿನಾ ಈ ಎಳೆದಾಟ ಇದ್ದಿದ್ದೇ. ಅದಕ್ಕೆ ಫೈಬರ್ ಮತ್ತೆ ತಗಡು ಸೇರೋ ಗೆರೆಯನ್ನ ಪುಟ್ಟಿ ಹಾಕಿ ಮುಚ್ಚಿ ಒಂದೇ ತುಂಡಿನ ಹಾಗೆ ಕಾಣಿಸೋ ಆಸೆ ಬಿಟ್ಟೆ. ಎಷ್ಟು ಒಳ್ಳೆ ಪುಟ್ಟಿ ಹಾಕಿದ್ರೂ ಆ ಗೆರೆ ಮತ್ತೆ ಬಿರಿಯುತ್ತೆ. ಗೆರೆಯನ್ನ ಗೆರೆಯಾಗೇ ಬಿಟ್ಟು, ಒಳಗಡೆ ಬಾಗೋ ಸೀಲೆಂಟ್ ತುಂಬಿದೆ, ಕಂಪನಿಯಿಂದಲೇ ಹಾಗೆ ಬಂದಿದೆಯೇನೋ ಅನ್ನೋ ಥರ ನೇರ ಗೆರೆ ಮಾಡಿದ್ದಷ್ಟೆ.

ಸೈಡ್ ಪ್ಯಾನೆಲ್ಲನ್ನ ಪಟ್ಟಿಗೆ ಅಂಟಿಸೋಕೆ ಪಾಲಿಯೆಸ್ಟರ್ ರೆಸಿನ್ನೇ ಸಾಕು ಅಂತ ಸಲಹೆ ಕೊಟ್ಟೋರೂ ಇದ್ರು, ಸ್ನೇಹಿತ ಸುತರಾಂ ಬೇಡ ಅಂದ. ಪಾಲಿಯೆಸ್ಟರ್ ಉಕ್ಕಿಗೆ ಸರಿಯಾಗಿ ಹಿಡಿಯಲ್ಲ, ಇವತ್ತು ಗಟ್ಟಿ ಅನ್ಸುತ್ತೆ, ಅಲುಗಾಟಕ್ಕೆ ಪೂರ್ತಿ ಹಾಳೆಯಾಗಿ ಬಿಟ್ಕೊಳ್ಳುತ್ತೆ. ಪ್ಯಾನೆಲ್ ಅಂಟಿಸೋಕಂತಲೇ ಇರೋ ಎರಡು ಭಾಗದ ಎಪಾಕ್ಸಿ ಅಂಟು ತಗೊಂಡ್ವಿ. ಅಂಟು ಬೀಳೋ ಕಡೆ ಎರಡೂ ಮೇಲ್ಮೈ ಒರಟು ಪೇಪರಲ್ಲಿ, 80 ನಂಬರಿಂದು, ಹೊಳಪು ಹೋಗೋವರೆಗೂ ಉಜ್ಜಿ ಸಾಲ್ವೆಂಟಲ್ಲಿ ಒರೆಸಿ. ಅಂಟು ಹಿಂಡಿ ಹೊರಗೆ ಹೋಗೋ ಹಾಗೆ ಕ್ಲಾಂಪ್ ಬಿಗೀಬಾರದು, ಒಂದೆರಡು ಎಂಎಂ ದಪ್ಪ ಒಳಗೇ ಉಳೀಬೇಕು, ಅದಕ್ಕೆ ಮಧ್ಯೆ ಮಧ್ಯೆ ತಂತಿ ತುಂಡು ಇಟ್ವಿ. ಉಜ್ಜಿದ ಬರಿ ಉಕ್ಕು ಎಲ್ಲೂ ಗಾಳಿಗೆ ಕಾಣದ ಹಾಗೆ ಅಂಟು ಅಂಚಿಂದ ಚೂರು ಆಚೆ ಬರಬೇಕು, ಇಲ್ಲಾಂದ್ರೆ ತುಕ್ಕು ಅಂಚಿಂದ ಶುರುವಾಗಿ ಅಂಟಿನ ಕೆಳಗೆ ನುಗ್ಗುತ್ತೆ. ಇನ್ನೊಂದು, ಎಪಾಕ್ಸಿ ರೆಸಿನ್ ಬಳಸೋ ಆಸೆ ಇದ್ರೆ ಪಾಲಿಯೆಸ್ಟರ್ ರೆಸಿನ್ನಿಗೆ ಬಳಸೋ ಈ ಮ್ಯಾಟ್ ಬೇಡ, ಅದರ ಎಳೆಗಳನ್ನ ಹಿಡಿದಿರೋ ಗೋಂದು ಸಾಮಾನ್ಯವಾಗಿ ಸ್ಟೈರೀನಲ್ಲಿ ಕರಗೋ ಥರದ್ದು, ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಮ್ಯಾಟ್ ಸೆಟೆದೇ ಇರುತ್ತೆ. ನೇಯ್ದ ಗಾಜಿನ ಬಟ್ಟೆ ಬಳಸಿ.

ಎಲ್ಲ ಕೂರಿಸಿ ಲೈಟ್ ಜೋಡಿಸಿದಾಗ ಮಜಾ. ಬ್ರೇಕ್ ತುಳಿದ್ರೆ ಇಂಡಿಕೇಟರ್ ಮಂಕಾಗಿ ಉರಿಯೋದು, ಇಂಡಿಕೇಟರ್ ಹಾಕಿದ್ರೆ ಪಾರ್ಕಿಂಗ್ ಲೈಟ್ ಮಿಣುಕೋದು. ಇದು ಫೈಬರ್ ಹಾಕಿದ ಗಾಡಿಗಳಲ್ಲೆಲ್ಲ ಬರೋ ತಕರಾರು, ದೆವ್ವ ಏನಲ್ಲ. ಹಳೇ ಗಾಡೀಲಿ ಲೈಟಿಗೆ ಒಂದೇ ವೈರ್ ಬರುತ್ತೆ, ವಾಪಸ್ ಹೋಗೋ ದಾರಿ ಬಾಡಿಯ ತಗಡೇ. ಫೈಬರಲ್ಲಿ ಕರೆಂಟ್ ಹರಿಯಲ್ಲ, ಆಗ ಅದು ಇನ್ನೊಂದು ಬಲ್ಬಿನ ಒಳಗಿಂದ ದಾರಿ ಹುಡುಕ್ಕೊಂಡು ಹೋಗುತ್ತೆ. ಪ್ರತಿ ಲೈಟಿಗೂ ಒಂದೊಂದು ಕಪ್ಪು ವೈರ್ ಎಳೆದು ಚಾಸಿಸ್ಸಿಗೆ ಅರ್ಥ್ ಮಾಡಿದೆ, ಹಾರ್ನಿಗೂ ಸೇರಿಸಿ. ರೇಡಿಯೋ ಆಂಟೆನಾ ಮಡ್‌ಗಾರ್ಡ್ ಮೇಲಿದ್ರೆ ಅದಕ್ಕೂ ಕೆಳಗೆ ಲೋಹ ಬೇಕು, ನಾನು ಆಂಟೆನಾನೇ ತೆಗೆದುಬಿಟ್ಟೆ.

ಪೇಂಟಿಗೆ ಆತುರ ಬೇಡ ಅಂತ ಸ್ನೇಹಿತ ಹೇಳಿದ್ದ, ಕೇಳಿದೆ. ಹೊಸ ಫೈಬರ್ ಗಟ್ಟಿಯಾದ ಹಾಗೆ ಕಂಡ್ರೂ ವಾರಗಟ್ಟಲೆ ಒಳಗೊಳಗೇ ಇನ್ನೂ ಬಿಗಿಯಾಗ್ತಾ ಸ್ಟೈರೀನ್ ಬಿಡ್ತಾ ಇರುತ್ತೆ, ಅಷ್ಟರಲ್ಲಿ ಪೇಂಟ್ ಹೊಡೆದ್ರೆ ಮೊದಲ ದಿನ ಕನ್ನಡಿ, ಬಿಸಿಲಿಗೆ ನಿಂತ ಮೇಲೆ ಮ್ಯಾಟಿನ ಎಳೆಗಳ ಗುರುತು ಪೇಂಟಲ್ಲಿ ಮೂಡುತ್ತೆ. ಪ್ರೈಮರ್ ಇಲ್ಲದೆ ಹಾಗೇ ಜೆಲ್‌ಕೋಟಲ್ಲೇ ಗಾಡಿ ಓಡಿಸ್ಕೊಂಡು ಬಿಸಿಲು ತೋರಿಸಿದೆ, ನೋಡೋರಿಗೆ ಬೇರೆ ಬೇರೆ ಗಾಡಿ ಕತ್ತರಿಸಿ ಸೇರಿಸಿದ ಹಾಗೆ ಕಾಣ್ತಿತ್ತು, ಕಾಣ್ಲಿ ಬಿಡಿ. ಆಮೇಲೆ ಪೇಪರ್ ಹಾಕೋಕೆ ಮುಂಚೆ ವ್ಯಾಕ್ಸ್ ತೆಗೆಯೋ ದ್ರವದಲ್ಲಿ ಚೆನ್ನಾಗಿ ಒರೆಸ್ಬೇಕು, ಬಟ್ಟೆ ಬದಲಾಯಿಸ್ತಾ ಬದಲಾಯಿಸ್ತಾ. ಅಚ್ಚಿನ ವ್ಯಾಕ್ಸ್ ಪ್ಯಾನೆಲ್ ಮೇಲೆ ಇನ್ನೂ ಕೂತಿರುತ್ತೆ, ಒರೆಸದೆ ಉಜ್ಜಿದ್ರೆ ಗೀರುಗಳ ಒಳಗೇ ವ್ಯಾಕ್ಸ್ ತುಂಬಿ, ಪೇಂಟಲ್ಲಿ ಮೀನಿನ ಕಣ್ಣಿನಂಥ ಗುಂಡಿ ಏಳುತ್ತೆ. ಉಜ್ಜಿದಾಗ ಸೂಜಿ ಮೊನೆಯಷ್ಟು ತೂತುಗಳು ಹೊರಗೆ ಬರುತ್ವೆ, ಪ್ರೈಮರಿಂದ ಮುಚ್ಚುತ್ತೆ ಅನ್ಕೊಂಡ್ರೆ ಇಲ್ಲ, ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಪೇಂಟನ್ನೇ ಸಿಡಿಸುತ್ತೆ, ಒಂದೊಂದನ್ನೂ ತೆರೆದು ಪುಟ್ಟಿ ತುಂಬಬೇಕು. ಆಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ದಪ್ಪ ಪ್ರೈಮರ್, ಉದ್ದ ಹಲಗೆಗೆ ಪೇಪರ್ ಕಟ್ಟಿ ಉಜ್ಜಿ, ಬಣ್ಣ. ಮುಂದೆ ಯಾವಾಗ್ಲಾದ್ರೂ ಮತ್ತೆ ಪೇಂಟ್ ಮಾಡ್ಸೋವಾಗ ಪೇಂಟರಿಗೆ ಇದು ಫೈಬರ್ ಅಂತ ಮೊದಲೇ ಹೇಳಿ, ತಗಡಿಗೆ ಹಚ್ಚೋ ಪೇಂಟ್ ರಿಮೂವರ್ ಇದಕ್ಕೆ ಹಚ್ಚಿದ್ರೆ ರೆಸಿನ್ನೇ ಮೆತ್ತಗಾಗುತ್ತೆ. ಬಣ್ಣ ತಿಳಿಯಾದಷ್ಟೂ ಒಳ್ಳೇದು, ಕಪ್ಪು ಬಣ್ಣ ಬಿಸಿಲಲ್ಲಿ ಕಾದು ಪ್ಯಾನೆಲ್ಲಿನ ಎಲ್ಲ ಅಂಕುಡೊಂಕನ್ನೂ ತೋರಿಸುತ್ತೆ.

ಈಗ ಓಡಿಸೋದು ಹೇಗಿದೆ ಅಂದ್ರೆ, ತೂಕ ಕಮ್ಮಿ ಆಗಿ ಗಾಡಿ ಹಾರುತ್ತೆ ಅಂತೆಲ್ಲ ಹೇಳೋರನ್ನ ನಂಬ್ಬೇಡಿ. 0.8 ಎಂಎಂ ಉಕ್ಕಿನ ತಗಡು ಚದರ ಮೀಟರಿಗೆ ಆರು ಕಿಲೋ ಮೇಲೆ, 3 ಎಂಎಂ ಫೈಬರ್ ನಾಲ್ಕೂವರೆ ಕಿಲೋ ಆಸುಪಾಸು, ಎರಡು ಮಡ್‌ಗಾರ್ಡು ಎರಡು ಸೈಡಿಗೆ ಎಷ್ಟು ಉಳಿಯುತ್ತೆ ನೀವೇ ಲೆಕ್ಕ ಹಾಕಿ, ಒಂದು ತುಂಬಿದ ಜೆರ್ರಿಕ್ಯಾನಿನಷ್ಟೂ ಇಲ್ಲ. ಸದ್ದು ಬೇರೆ ಥರ, ಕಲ್ಲು ಹಾರಿದ್ರೆ ಟಣ್ ಅಂತಿದ್ದಿದ್ದು ಈಗ ಟೊಕ್ ಅನ್ನುತ್ತೆ. ಆ ಕಲ್ಲುಗಳದ್ದೇ ದೊಡ್ಡ ಕಾಟ, ಕೆಳಗಿಂದ ಹೊಡೆದ ಕಲ್ಲು ಮೇಲಿನ ಪೇಂಟಲ್ಲಿ ನಕ್ಷತ್ರ ಬಿರುಕು ತರುತ್ತೆ, ಅದಕ್ಕೆ ಮಡ್‌ಗಾರ್ಡಿನ ಒಳಮೈಗೆ ದಪ್ಪ ರಬ್ಬರ್ ಕೋಟಿಂಗ್ ಬಳಿದೆ, ಆಮೇಲೆ ಹೊಸ ಬಿರುಕು ಬಂದಿಲ್ಲ. ಸೈಲೆನ್ಸರ್ ಪೈಪ್ ಹತ್ರ ಹಾಯೋ ಕಡೆ ಅಲ್ಯೂಮಿನಿಯಂ ಶೀಟು ಚೂರು ಸಂದು ಬಿಟ್ಟು ಕಟ್ಟಿದೀನಿ, ಪಾಲಿಯೆಸ್ಟರ್ ಬಿಸಿಗೆ ಮೆತ್ತಗಾಗುತ್ತೆ ಮತ್ತೆ ಬೆಂಕಿಗೆ ಉರಿಯುತ್ತೆ ಅನ್ನೋದು ಮರೀಬಾರದು, ಒಂದು ಬೆಂಕಿ ಆರಿಸೋ ಸಿಲಿಂಡರ್ ಸೀಟ್ ಪಕ್ಕ ಇದೆ. ಮಡ್‌ಗಾರ್ಡ್ ಮೇಲೆ ಕೂರೋ ಅಭ್ಯಾಸ ಇದ್ದ ಗೆಳೆಯರಿಗೆ ಮಾತ್ರ ಬೇಜಾರಾಗಿದೆ.

ಬಾನೆಟ್ಟನ್ನೂ ಫೈಬರ್ ಮಾಡ್ಸಿ ಅಂತ ಸುಮಾರು ಜನ ಹೇಳ್ತಿದಾರೆ. ಅದರ ತಗಡು ಇನ್ನೂ ಗಟ್ಟಿ ಇದೆ, ಅದೂ ಅಲ್ಲದೆ ಫೈಬರ್ ಬಾನೆಟ್ ವೇಗದಲ್ಲಿ ಗಾಳಿಗೆ ಅದುರುತ್ತೆ, ಕೀಲು ಮತ್ತೆ ಲಾಕ್ ಬೀಳೋ ಜಾಗಕ್ಕೆ ಒಳಗೆ ಉಕ್ಕಿನ ಪ್ಲೇಟ್ ಕೂರಿಸಿ ಮ್ಯಾಟ್ ಸುತ್ತಬೇಕು, ಆಮೇಲೂ ಹೊರಗಿಂದ ಎರಡು ಪಿನ್ ಲಾಕ್ ಹಾಕ್ದೆ ಓಡಿಸೋದು ಸರಿಯಲ್ಲ, ಕಿತ್ಕೊಂಡು ಗಾಜಿಗೆ ಬಡಿದ್ರೆ ಮುಂದೆ ಏನೂ ಕಾಣಲ್ಲ. ಹಿಂದಿನ ಬಾಗಿಲಿಗೆ ಸ್ಟೆಪ್ನಿ ನೇತಾಡ್ತಾ ಇರೋದ್ರಿಂದ ಅದರ ಮಾತೇ ಇಲ್ಲ, ಅದು ಉಕ್ಕಲ್ಲೇ ಇರುತ್ತೆ, ಅದರ ಕೆಳಗಿನ ಅಂಚಲ್ಲಿ ಮೊನ್ನೆ ಒಂದು ಗುಳ್ಳೆ ಕಾಣಿಸ್ತು, ಮಳೆ ಶುರುವಾಗೋ ಮುಂಚೆ ಅದನ್ನ ತೆರೆದು ಉಜ್ಜಬೇಕು.